ಹಳೆಯ ರಟ್ಟುಗಳ ಮೇಲಿನ ಅಚ್ಚಿನ ಗುರುತುಗಳು

ನಮ್ಮ ಶಾಲೆಯ ಪುಸ್ತಕಭಂಡಾರದ ಒಳಕೋಣೆಯಲ್ಲಿ ಗಾಜಿನ ಬಾಗಿಲಿನ ಬೀರುವೊಂದು ಇರುವುದು ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ನೆನಪಿರಬಹುದು. ಅದರ ಬೀಗದ ಕೈ ಮುಖ್ಯೋಪಾಧ್ಯಾಯಿನಿಯ ಬಳಿಯಲ್ಲಿಯೇ ಇರತಕ್ಕದ್ದೆಂಬುದು ಹಿಂದಿನಿಂದ ಬಂದ ಕಟ್ಟಳೆ. ಆ ಬೀರುವಿನ ಮೇಲಿನ ಹಲಗೆಯಲ್ಲಿ ಕಂದು ತೊಗಲು ಹೊದಿಸಿದ ಎರಡು ಇಂಗ್ಲಿಷ್ ಪುಸ್ತಕಗಳುಂಟು. ಒಂದು ದೊಡ್ಡ ಬೈಬಲ್; ಇನ್ನೊಂದು ಅಂಗೈಯಗಲದ ಪ್ರಾರ್ಥನಾ ಪುಸ್ತಕ. ಎರಡೂ ೧೮ನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದವು. ಎರಡರ ಬೆನ್ನಿನ ಮೇಲೆಯೂ ಚಿನ್ನದಿಂದ ಒತ್ತಿದ ದುಂಡು ಹೂಗಳ ಸಾಲಿರುವುದು. “ಇವೆರಡೂ ಒಂದೇ ಕೈಯಿಂದ ಆದವು, ಅಕ್ಕತಂಗಿಯರು” ಎಂದು ನಮ್ಮ ಶಾಲೆಯಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದಿರುವರು.

ಈ ಸಂಚಿಕೆಯಲ್ಲಿ ಆ ಪುಸ್ತಕಗಳ ಚಿತ್ರವನ್ನು ಅಚ್ಚುಹಾಕಿ ಅದರ ಕೆಳಗೆ ‘ಒಂದೇ ಕೈಯ ಎರಡು ಕೃತಿಗಳು’ ಎಂದು ಬರೆಯಬೇಕೆಂದು ಸಂಚಿಕೆಯ ಸಮಿತಿಯವರು ಅಪೇಕ್ಷಿಸಿದರು. ಅಚ್ಚಿನಲ್ಲಿ ಬಂದ ಮಾತಿಗೆ ಬಾಯಿಮಾತಿಗಿಲ್ಲದ ಬಲವುಂಟು. ಇಂದು ನಾವು ಬರೆದದ್ದನ್ನು ಮುಂದಿನವರು ಪ್ರಮಾಣವೆಂದು ಎತ್ತಿ ಹೇಳುವರು. ಆದುದರಿಂದ ಆ ಮಾತನ್ನು ಮುದ್ರಣಕ್ಕೆ ಕೊಡುವ ಮುಂಚೆ ಅದಕ್ಕೆ ಆಧಾರವುಂಟೋ ಇಲ್ಲವೋ ಎಂದು ನೋಡುವುದು ಯೋಗ್ಯವೆಂದು ನನಗೆ ತೋರಿತು. ಆ ಪರೀಕ್ಷೆಯ ಕ್ರಮವನ್ನೂ ಅದರಿಂದ ತಿಳಿದುಬಂದುದನ್ನೂ ಹಳೆಯ ವಿದ್ಯಾರ್ಥಿನಿಯರಿಗೂ ಮಕ್ಕಳ ತಾಯ್ತಂದೆಗಳಿಗೂ ಅರಿಕೆಮಾಡುವುದೇ ಈ ಲೇಖನದ ಉದ್ದೇಶ.

ನಾನು ಉಪಾಧ್ಯಾಯಿನಿಯರ ತರಬೇತಿ ಶಾಲೆಯಲ್ಲಿದ್ದಾಗ ಕೈಕೆಲಸಕ್ಕಾಗಿ ಪುಸ್ತಕಗಳಿಗೆ ರಟ್ಟು ಕಟ್ಟುವುದನ್ನು ಆರಿಸಿಕೊಂಡಿದ್ದೆನು. ಹಾಳೆಗಳನ್ನು ಮಡಿಸುವುದು, ದಾರದಿಂದ ಹೊಲಿಯುವುದು, ಮೈದಾ ಅಂಟನ್ನು ಗಂಟಾಗದಂತೆ ಕುದಿಸುವುದು, ರಟ್ಟಿಗೆ ಬಟ್ಟೆ ಹೊದಿಸುವುದು, ಇಷ್ಟು ಅಲ್ಲಿ ಕಲಿತೆನು. ತೊಗಲಿನ ಮೇಲೆ ಚಿನ್ನದ ಕೆಲಸ ಮಾಡುವುದನ್ನು ನಮಗೆ ಕಲಿಸಲಿಲ್ಲ. ಆದರೆ ಅದರ ವಿಷಯವಾಗಿ ಓದುವ ಆಸೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಆ ಓದು ಈ ಸಂದರ್ಭದಲ್ಲಿ ಉಪಯೋಗಕ್ಕೆ ಬಂದಿತು.

ಹಿಂದಿನ ಕಾಲದಲ್ಲಿ ಯೂರೋಪಿನ ಬೈಂಡರುಗಳು ತೊಗಲಿನ ಹೊದಿಕೆಯನ್ನು ಅಲಂಕರಿಸುತ್ತಿದ್ದ ಬಗೆ ಹೀಗೆ. ಮರದ ಹಿಡಿಯುಳ್ಳ ಒಂದು ಚಿಕ್ಕ ಲೋಹದ ಅಚ್ಚು. ಅದರ ತುದಿಯಲ್ಲಿ ಹೂವು, ಎಲೆ, ನಕ್ಷತ್ರ, ಪ್ರಾಣಿ ಮೊದಲಾದುದೊಂದು ಕೆತ್ತನೆ. ತೊಗಲನ್ನು ತುಸು ತೇವಮಾಡಿ, ಅಚ್ಚನ್ನು ಬಿಸಿಮಾಡಿ ಒತ್ತಿದರೆ ತೊಗಲು ಅಲ್ಲಿ ತಗ್ಗಾಗಿ ಕಪ್ಪೇರುವುದು. ಇದು ಚಿನ್ನವಿಲ್ಲದ ಕೆಲಸ. ಚಿನ್ನದ ಕೆಲಸವಾದರೆ ಕೋಳಿಮೊಟ್ಟೆಯ ಬಿಳಿಯ ಲೋಳೆಯನ್ನು ಮೊದಲು ಬಳಿದು, ಒಣಗಿಸಿ, ಅದರ ಮೇಲೆ ಉಸಿರಿಗೆ ಹಾರಿಹೋಗುವಷ್ಟು ತೆಳುವಾದ ಚಿನ್ನದ ರೇಕನ್ನು ಹಾಸುವರು. ಬಿಸಿಯಾದ ಅಚ್ಚು ಸೋಕಿದ ಕಡೆಯಲ್ಲಿ ಮಾತ್ರ ಲೋಳೆ ಗಟ್ಟಿಯಾಗಿ ಚಿನ್ನವನ್ನು ಹಿಡಿದುಕೊಳ್ಳುವುದು. ಮಿಕ್ಕ ಚಿನ್ನವನ್ನು ಬಟ್ಟೆಯಿಂದ ಒರಸಿ ತೆಗೆಯುವರು. ಅಚ್ಚು ಹೆಚ್ಚು ಕಾದರೆ ತೊಗಲು ಸುಡುವುದು. ಕಡಿಮೆಯಾದರೆ ಚಿನ್ನ ನಿಲ್ಲದು. ಈ ವಿದ್ಯೆ ಪಶ್ಚಿಮ ಯೂರೋಪಿಗೆ ಮುಸಲ್ಮಾನ ದೇಶಗಳ ಕುಶಲಿಗಳಿಂದ ಇಟಲಿ, ಸ್ಪೇನ್‌ಗಳ ಮೂಲಕ ೧೫ನೆಯ ಶತಮಾನದಲ್ಲಿ ಬಂದಿತು; ಇಂಗ್ಲೆಂಡಿಗೆ ಬಂದುದು ೧೬ನೆಯ ಶತಮಾನದಲ್ಲಿ.

ಬಿಡಿ ಅಚ್ಚುಗಳಲ್ಲದೆ ಉರುಳುವ ಅಚ್ಚುಗಳೂ ಇದ್ದವು. ಹಬ್ಬದ ದಿನ ಹೊಸಲಿನ ಮುಂದೆ ಉರುಳಿಸುವ ರಂಗೋಲಿಯ ಕೊಳವೆಯನ್ನು ನಮ್ಮ ಹೆಣ್ಣುಮಕ್ಕಳೆಲ್ಲರೂ ಬಲ್ಲರು. ಅದನ್ನು ಒಂದು ಸುತ್ತು ತಿರುಗಿಸಿದರೆ ಬಳ್ಳಿಯೊಂದು ಮೂಡುವುದು. ಮತ್ತೊಂದು ಸುತ್ತಿಗೆ ಅದೇ ಬಳ್ಳಿ ಮತ್ತೆ ಮೊದಲಾಗುವುದು. ಬೈಂಡರನ ಉರುಳಚ್ಚೂ ಹಾಗೆಯೇ ಅಂಚಿನುದ್ದಕ್ಕೂ ಒಂದೇ ಚಿತ್ರವನ್ನು ಮರಳಿ ಮರಳಿ ಬಿಡಿಸುವುದು. ೧೬ನೆಯ ಶತಮಾನದ ಮೊದಲ ಅರ್ಧದಲ್ಲಿ ಲಂಡನ್ನಿನಲ್ಲಿ ಕೆಲಸಮಾಡುತ್ತಿದ್ದ ಜಾನ್ ರೇನ್ಸ್ ಎಂಬವನ ಉರುಳಚ್ಚಿನಲ್ಲಿ ಬೇಟೆನಾಯಿ, ಡೇಗೆಹಕ್ಕಿ, ಜೇನುನೊಣಗಳು ಎಲೆಬಳ್ಳಿಗಳ ನಡುವೆ ಇದ್ದು, ಅವನ ಸ್ವಂತ ಗುರುತೂ ಅದರಲ್ಲಿಯೇ ಸೇರಿತ್ತು. ಆದರೆ ಹೀಗೆ ತನ್ನ ಗುರುತನ್ನಿಟ್ಟವರು ಕೆಲವರು ಮಾತ್ರ. ಬಹುಮಂದಿ ಹೆಸರಿಲ್ಲದೆ ದುಡಿದು ಹೆಸರಿಲ್ಲದೆ ಹೋದರು.

ಇನ್ನು ಆ ರಂಗೋಲಿ ಕೊಳವೆಯ ಒಂದು ತೂತು ಮುಚ್ಚಿಹೋಯಿತೆಂದು ತಿಳಿಯೋಣ. ಆಗ ಪ್ರತಿ ಸುತ್ತಿನಲ್ಲಿಯೂ ಅದೇ ಸ್ಥಳದಲ್ಲಿ ಒಂದು ಚುಕ್ಕೆ ತಪ್ಪುವುದು. ಬೀದಿಯಲ್ಲಿ ಹತ್ತು ಮನೆಗಳ ಮುಂದೆ ಅಂಥದೇ ಬಳ್ಳಿಯಿದ್ದರೂ, ಆ ಚುಕ್ಕೆ ತಪ್ಪಿದ ಬಳ್ಳಿ ಇದ್ದಲ್ಲಿ ಅದೇ ಕೊಳವೆ ಉರುಳಿತೆಂದು ಧೈರ್ಯವಾಗಿ ಹೇಳಬಹುದು. ಹಳೆಯ ರಟ್ಟುಗಳ ಪರೀಕ್ಷೆಯ ರಹಸ್ಯವೆಲ್ಲವೂ ಇದರಲ್ಲಿ ಅಡಗಿದೆ. ಮೆಚ್ಚುಗೆಯಾದ ಮಾದರಿಯನ್ನು ಅಚ್ಚು ಕೆತ್ತುವವರು ಅನೇಕರಿಗೆ ಕೆತ್ತಿಕೊಡುವರು. ಒಬ್ಬರದನ್ನು ನೋಡಿ ಇನ್ನೊಬ್ಬರು ಕೆತ್ತಿಸುವರು. ಆದುದರಿಂದ ಹೂವಿನ ಅಂದವು ಒಂದೇ ಆಗಿರುವುದು ಸಾಕ್ಷಿಯಲ್ಲ. ಹೂವಿನ ಕುಂದು ಒಂದೇ ಆಗಿರುವುದು ಸಾಕ್ಷಿ. ಮುರಿದ ಎಸಳು, ಸವೆದ ಅಂಚು, ಕೂದಲೆಳೆಯಷ್ಟು ಬಿರುಕು, ಇವನ್ನು ಯಾರೂ ಬೇಕೆಂದು ನಕಲು ಮಾಡಿಸುವುದಿಲ್ಲ.

ಈ ವಿಚಾರವನ್ನು ಒಂದು ಶಾಸ್ತ್ರದ ಮಟ್ಟಕ್ಕೆ ತಂದವರು ಬಹಳ ತಾಳ್ಮೆಯ ಜನರು. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯಕ್ಕೆ ಸೇರಿದ ರಾಷ್ಟ್ರೀಯ ಕಲಾ ಪುಸ್ತಕಾಲಯದ ಪಾಲಕರಾಗಿದ್ದ ಜೇಮ್ಸ್ ವೀಲ್ ಎಂಬವರು ರಟ್ಟುಗಳ ಮೇಲೆ ತೆಳುವಾದ ಕಾಗದವನ್ನಿಟ್ಟು ಉಜ್ಜಿ ತೆಗೆದ ನೂರಾರು ಪಡಿಯಚ್ಚುಗಳನ್ನು ಕೂಡಿಸಿದರು. ಅವುಗಳ ವಿವರಣೆ ೧೮೯೦ರ ದಶಕದಲ್ಲಿ ಹೊರಬಂದಿತು. ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಚಿತ್ರ ತೆಗೆಯುವ ಮಕ್ಕಳ ಆಟವೇ ಇಲ್ಲಿ ವಿದ್ವಾಂಸರ ಸಾಧನವಾಯಿತು. ಬೇರೆ ಬೇರೆ ಊರುಗಳಲ್ಲಿರುವ ಪುಸ್ತಕಗಳನ್ನು ಒಂದೇ ಮೇಜಿನ ಮೇಲೆ ತರಲಾಗದಿದ್ದರೂ ಅವುಗಳ ಪಡಿಯಚ್ಚುಗಳನ್ನು ತರಬಹುದಷ್ಟೆ! ಜರ್ಮನಿಯಲ್ಲಿಯೂ ಇಂಥ ಸಂಗ್ರಹಗಳು ಬೆಳೆದು, ಈಗ ಅಲ್ಲಿನ ಹಲವು ಗ್ರಂಥಾಲಯಗಳು ತಮ್ಮ ಪಡಿಯಚ್ಚುಗಳನ್ನು ಗಣಕಯಂತ್ರದ ಮೂಲಕ ಎಲ್ಲರೂ ನೋಡುವಂತೆ ಮಾಡಿವೆ.

ನನ್ನ ಮನಸ್ಸಿಗೆ ಎಲ್ಲರಿಗಿಂತ ಹತ್ತಿರವಾದವರು ಬೇಸಿಲ್ ಓಲ್ಡ್‌ಹ್ಯಾಮ್. ಅವರು ೧೫೫೨ರಲ್ಲಿ ಸ್ಥಾಪಿತವಾದ ಶ್ರೂಸ್‌ಬರಿ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದು, ತರುವಾಯ ಅಲ್ಲಿನ ಪುಸ್ತಕಭಂಡಾರವನ್ನು ನೋಡಿಕೊಂಡರು. ತಮ್ಮ ಶಾಲೆಯ ಕಪಾಟುಗಳಲ್ಲಿದ್ದ ಹಳೆಯ ರಟ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಿ, ೧೯೪೩ರಲ್ಲಿ, ಮಹಾಯುದ್ಧದ ನಡುವೆ, ಅವುಗಳ ವಿವರವಾದ ಪಟ್ಟಿಯನ್ನು ಪ್ರಕಟಿಸಿದರು. ಅಲ್ಲಿಂದ ಹೊರಟು ಇಡೀ ಇಂಗ್ಲೆಂಡಿನ ಚಿನ್ನವಿಲ್ಲದ ಅಚ್ಚುಗೆಲಸವನ್ನು ವರ್ಗೀಕರಿಸಿ ೧೯೫೨ರಲ್ಲಿ ಅವರು ಹೊರತಂದ ಗ್ರಂಥವು ಇಂದಿಗೂ ಈ ವಿಷಯದಲ್ಲಿ ಕೈದೀವಿಗೆ. ಒಬ್ಬ ಶಾಲಾ ಉಪಾಧ್ಯಾಯರು ತಮ್ಮ ಶಾಲೆಯ ಬೀರುವಿನಿಂದ ಆರಂಭಿಸಿ ಅಷ್ಟು ದೂರ ಹೋದುದು ನಮ್ಮಂಥವರಿಗೆ ಧೈರ್ಯ ಕೊಡುವ ಸಂಗತಿ.

ಹೆಸರು ತಿಳಿಯದ ಬೈಂಡರನಿಗೆ ಪಂಡಿತರು ಅವನ ಅಚ್ಚಿನಿಂದಲೇ ಹೆಸರಿಡುವರು. ೧೫ನೆಯ ಶತಮಾನದ ಕೊನೆಯಲ್ಲಿ ಕೇಂಬ್ರಿಜ್‌ನಲ್ಲಿ ಒಂಟಿಕೊಂಬಿನ ಕುದುರೆಯ ಅಚ್ಚನ್ನು ಬಳಸಿದವನು ‘ಒಂಟಿಕೊಂಬಿನ ಬೈಂಡರ್’ ಎನಿಸಿಕೊಂಡಿರುವನು. ಹೆಸರಿಡುವುದರಲ್ಲಿ ಅಪಾಯವೂ ಉಂಟು. ೧೭ನೆಯ ಶತಮಾನದಲ್ಲಿ ಇಂಗ್ಲೆಂಡಿನ ಇಬ್ಬರು ರಾಣಿಯರ ಪುಸ್ತಕಗಳಿಗೆ ಸೊಗಸಾದ ರಟ್ಟು ಕಟ್ಟಿದವನನ್ನು ‘ರಾಣಿಯರ ಬೈಂಡರ್’ ಎಂದು ಕರೆದು, ಆ ರೀತಿಯ ಕೆಲಸವನ್ನೆಲ್ಲ ಅವನ ಲೆಕ್ಕಕ್ಕೆ ಸೇರಿಸುತ್ತಿದ್ದರು. ಮುಂದೆ ಹೋವರ್ಡ್ ನಿಕ್ಸನ್ ಎಂಬವರು ಅಚ್ಚುಗಳನ್ನು ಒಂದೊಂದಾಗಿ ಹೋಲಿಸಿ, ಇದು ಒಂದೇ ಅಂಗಡಿಯ ಕೆಲಸವಲ್ಲವೆಂದು ಕಂಡು, ಅದನ್ನು ಎ, ಬಿ, ಸಿ, ಡಿ ಎಂದು ವಿಂಗಡಿಸಿದರು.

ಇನ್ನೊಂದು ಪ್ರಸಂಗ ಇದಕ್ಕಿಂತ ಪ್ರಸಿದ್ಧವಾದುದು. ಅಪೊಲೊ ದೇವನು ರಥವನ್ನು ನಡೆಸುತ್ತ ರೆಕ್ಕೆಯ ಕುದುರೆ ನಿಂತ ಬಂಡೆಯ ಕಡೆಗೆ ಹೋಗುವ ಪದಕದ ಚಿತ್ರವುಳ್ಳ ಇಟಲಿಯ ರಟ್ಟುಗಳು ಪುಸ್ತಕಪ್ರಿಯರ ಕಣ್ಮಣಿಗಳು. ಅವು ಪೋಪರ ವೈದ್ಯನಾಗಿದ್ದ ಡೆಮೆಟ್ರಿಯೊ ಕಾನೆವಾರಿಯ ಸ್ವತ್ತೆಂದು ಬಹುಕಾಲ ನಂಬಿದ್ದರು. ಕಾನೆವಾರಿ ಹುಟ್ಟಿದುದು ೧೫೫೯ರಲ್ಲಿ. ಆ ರಟ್ಟುಗಳಾದುದು ೧೫೪೦ರ ದಶಕದ ರೋಮಿನಲ್ಲಿ! ೧೯೨೬ರಲ್ಲಿ ಜಿ. ಡಿ. ಹಾಬ್ಸನ್ ಎಂಬವರು ಆ ನಂಬಿಕೆಯನ್ನು ಅಲ್ಲಗಳೆದು, ಬೇರೊಬ್ಬ ಒಡೆಯನನ್ನು ಸೂಚಿಸಿದರು. ೧೯೭೫ರಲ್ಲಿ ಅವರ ಮಗನೇ ಆದ ಆಂಥೊನಿ ಹಾಬ್ಸನ್, ತಂದೆ ಸೂಚಿಸಿದವನೂ ಅಲ್ಲ, ಜಿನೋವಾದ ಜೊವಾನಿ ಬಟಿಸ್ಟಾ ಗ್ರಿಮಾಲ್ಡಿ ಎಂಬವನೇ ನಿಜವಾದ ಒಡೆಯನೆಂದು ತೋರಿಸಿಕೊಟ್ಟರು. ತಂದೆಯ ಮಾತನ್ನು ಮಗನು ತಿದ್ದಿದುದರಿಂದ ತಂದೆಯ ಗೌರವ ಕುಂದಲಿಲ್ಲ. ತಂದೆ ಹಿಡಿದ ದಾರಿಯಲ್ಲಿಯೇ ಮಗನು ಇನ್ನಷ್ಟು ಮುಂದೆ ನಡೆದಂತಾಯಿತು.

ಇನ್ನು ನಮ್ಮ ಬೀರುವಿನ ಸಂಗತಿ. ಒಂಬತ್ತನೆಯ ತರಗತಿಯ ನಾಲ್ವರು ಹುಡುಗಿಯರನ್ನು ಕೂಡಿಸಿಕೊಂಡು ಮೂರು ಶನಿವಾರಗಳ ಮಧ್ಯಾಹ್ನವನ್ನು ಈ ಕೆಲಸಕ್ಕೆ ಕೊಟ್ಟೆನು. ಹಳೆಯ ತೊಗಲು ಒಣಗಿ ಕೆಂಪು ಪುಡಿಯಾಗಿ ಉದುರುತ್ತಿರುವಾಗ ಅದರ ಮೇಲೆ ಕಾಗದವಿಟ್ಟು ಉಜ್ಜಬಾರದು. ಚಿನ್ನಕ್ಕೂ ಅದರಿಂದ ಕೇಡು. ಆದುದರಿಂದ ಪುಸ್ತಕದ ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು, ಕಿಟಕಿಯ ಓರೆಬೆಳಕಿನಲ್ಲಿ ಫೋಟೋ ತೆಗೆಸಿ, ನಾಲ್ಕರಷ್ಟು ದೊಡ್ಡದು ಮಾಡಿಸಿದೆವು. ಅದರ ಮೇಲೆ ಬೆಣ್ಣೆಕಾಗದವನ್ನಿಟ್ಟು ಪ್ರತಿಯೊಂದು ಹೂವನ್ನೂ ಚೂಪಾದ ಪೆನ್ಸಿಲಿನಿಂದ ತಿದ್ದಿ ತೆಗೆದು, ಒಂದರ ಮೇಲೊಂದನ್ನಿಟ್ಟು ಬೆಳಕಿಗೆ ಹಿಡಿದು ನೋಡಿದೆವು. ಕೇವಲ ಅಳತೆಯನ್ನು ನಂಬಲಾಗದು. ತೊಗಲು ಹಿಗ್ಗುವುದೂ ಕುಗ್ಗುವುದೂ ಉಂಟು, ಪುಸ್ತಕದ ಬೆನ್ನು ಬಾಗಿರುವುದೂ ಉಂಟು. ಎಸಳುಗಳ ಎಣಿಕೆ, ಚುಕ್ಕೆಗಳ ಎಣಿಕೆ, ಗೆರೆಗಳು ಕೂಡುವ ಸ್ಥಳ, ಇವನ್ನು ಅಳತೆಯ ಜೊತೆಯಲ್ಲಿಯೇ ನೋಡಬೇಕು.

ಎರಡು ಪುಸ್ತಕಗಳ ಬೆನ್ನಿನ ಮೇಲೆಯೂ ಆರಾರು ಅಂಕಣಗಳು. ಒಂದರಲ್ಲಿ ಪುಸ್ತಕದ ಹೆಸರು, ಮಿಕ್ಕ ಐದರಲ್ಲಿ ಒಂದೊಂದು ಹೂವು. ಎರಡೂ ಎಂಟೆಸಳಿನ ಹೂಗಳೇ. ಆದರೆ ಬೈಬಲ್ಲಿನ ಹೂವಿನ ನಡುವೆ ಏಳು ಚುಕ್ಕೆಗಳು, ಪ್ರಾರ್ಥನಾ ಪುಸ್ತಕದ ಹೂವಿನ ನಡುವೆ ಆರು. ಇಷ್ಟು ವರ್ಷ ಎಷ್ಟು ಕಣ್ಣುಗಳು ಅವನ್ನು ನೋಡಿ ಮೆಚ್ಚಿದ್ದರೂ ಯಾರೂ ಎಣಿಸಿರಲಿಲ್ಲ.

ಎರಡನೆಯ ಶನಿವಾರ, ತರಗತಿಯಲ್ಲಿ ಹೆಚ್ಚು ಮಾತನಾಡದ ಒಬ್ಬ ಹುಡುಗಿ ಭೂತಗನ್ನಡಿಯನ್ನು ಬೈಬಲ್ಲಿನ ಮೇಲೆ ಹಿಡಿದು, “ಟೀಚರ್, ಈ ಎಸಳಿನ ಅಂಚು ಕಚ್ಚಿಹೋಗಿದೆ. ಇದು ತೊಗಲು ಕಿತ್ತುಹೋದದ್ದೋ, ಅಚ್ಚಿನಲ್ಲಿಯೇ ಇದ್ದದ್ದೋ?” ಎಂದು ಕೇಳಿದಳು. ಕೇಳತಕ್ಕ ಪ್ರಶ್ನೆಯೇ ಅದು. “ಮಿಕ್ಕ ನಾಲ್ಕು ಹೂಗಳನ್ನೂ ನೋಡು” ಎಂದೆನು. ಮೂರರಲ್ಲಿ ಕಚ್ಚು ಅದೇ ಸ್ಥಳದಲ್ಲಿತ್ತು. ಐದನೆಯ ಹೂವಿನಲ್ಲಿ ಅದು ಮೇಲಿನ ಎಸಳಿನಲ್ಲಿರದೆ ಬಲಗಡೆಯ ಎಸಳಿನಲ್ಲಿತ್ತು. ಮಕ್ಕಳು ಕ್ಷಣಕಾಲ ಪೆಚ್ಚಾದರು. ಬಳಿಕ ಅದೇ ಹುಡುಗಿ ಬೆಣ್ಣೆಕಾಗದವನ್ನು ಕಾಲುಸುತ್ತು ತಿರುಗಿಸಿ ಇಟ್ಟಳು. ಹೂವು ಹೂವಿನ ಮೇಲೆ, ಕಚ್ಚು ಕಚ್ಚಿನ ಮೇಲೆ ಸರಿಯಾಗಿ ಕೂತಿತು. ಹೂವು ದುಂಡಗಿದ್ದುದರಿಂದ ಬೈಂಡರನು ಆ ಒಂದು ಸಲ ಅಚ್ಚನ್ನು ಬೇರೆ ಮಗ್ಗುಲಾಗಿ ಹಿಡಿದಿದ್ದನು. ಅಚ್ಚು ತಿರುಗಿದಾಗ ಅದರೊಡನೆ ಕುಂದೂ ತಿರುಗಿತು. ತೊಗಲಿನ ಹಾನಿಯಾಗಿದ್ದರೆ ಹೀಗಾಗುವುದು ಎಂದಿಗೂ ಸಾಧ್ಯವಿಲ್ಲ.

ಪ್ರಾರ್ಥನಾ ಪುಸ್ತಕದ ಐದು ಹೂಗಳಲ್ಲಿ ಎಲ್ಲಿಯೂ ಆ ಕಚ್ಚು ಇಲ್ಲ. ಆದರೆ ಕೆಳಗಿನ ಹಲಗೆಯಲ್ಲಿ, ರದ್ದಿಗೆ ಹಾಕುವ ಪುಸ್ತಕಗಳ ನಡುವೆ, ಮೇಲುಹೊದಿಕೆ ಅರ್ಧ ಕಿತ್ತುಹೋದ ಒಂದು ಇಂಗ್ಲಿಷ್ ಯೂಕ್ಲಿಡ್ ರೇಖಾಗಣಿತವಿತ್ತು. ಅದರ ಬೆನ್ನಿನಲ್ಲಿ ಉಳಿದಿದ್ದ ಮೂರು ಹೂಗಳ ನಡುವೆ ಏಳು ಚುಕ್ಕೆಗಳು. ಎಸಳಿನಲ್ಲಿ ಅದೇ ಕಚ್ಚು. ಅಂಕಣದ ಮೂಲೆಗಳಲ್ಲಿ ಒತ್ತಿದ ಪುಟ್ಟ ಎಲೆಯೂ ಬೈಬಲ್ಲಿನ ಎಲೆಯೊಡನೆ ಸರಿಹೋಯಿತು. ಒಂದು ಅಚ್ಚು ಹೊಂದಿದರೆ ಅದು ಸುಳಿವು. ಎರಡು ಅಚ್ಚುಗಳು ಕೂಡಿ ಹೊಂದಿದರೆ ಅದು ಬಲವಾದ ಆಧಾರ. ಅಲ್ಲದೆ ಯೂಕ್ಲಿಡ್ಡಿನಲ್ಲಿ ಆ ಕಚ್ಚಿನಿಂದ ಒಂದು ಸಣ್ಣ ಬಿರುಕು ಒಳಕ್ಕೆ ಸಾಗಿರುವುದು. ಮುರಿದ ಅಚ್ಚು ತಾನಾಗಿ ಕೂಡಿಕೊಳ್ಳಲಾರದಾದ ಕಾರಣ, ಬೈಬಲ್ಲಿಗೆ ಮೊದಲು ರಟ್ಟು ಕಟ್ಟಿ ಯೂಕ್ಲಿಡ್ಡಿಗೆ ಆಮೇಲೆ ಕಟ್ಟಿದರೆಂದು ತಿಳಿಯಬಹುದು. ಹೀಗೆ ಬೈಬಲ್ಲಿನ ನಿಜವಾದ ಒಡಹುಟ್ಟು ರದ್ದಿಯ ರಾಶಿಯಲ್ಲಿ ಕೂತಿತ್ತು!

ಇಷ್ಟರಿಂದ ಏನನ್ನು ಹೇಳಬಹುದು, ಏನನ್ನು ಹೇಳಲಾಗದು ಎಂಬುದನ್ನು ಮಕ್ಕಳಿಂದಲೇ ಬರೆಯಿಸಿದೆನು. ಬೈಬಲ್ಲಿಗೂ ಯೂಕ್ಲಿಡ್ಡಿಗೂ ಒಂದೇ ಅಚ್ಚನ್ನು ಬಳಸಿದರೆಂದು ಹೇಳಬಹುದು. ಒಂದೇ ಮನುಷ್ಯನು ಬಳಸಿದನೆಂದು ಹೇಳಲಾಗದು. ಒಂದು ಅಂಗಡಿಯಲ್ಲಿ ಹಲವರು ದುಡಿಯುವರು, ಒಡೆಯನು ಸತ್ತರೆ ಅಚ್ಚುಗಳು ಮಗನಿಗೋ ಕೊಂಡವನಿಗೋ ಸೇರುವುವು. ಪ್ರಾರ್ಥನಾ ಪುಸ್ತಕಕ್ಕೆ ಬಳಸಿದುದು ಬೇರೆ ಅಚ್ಚೆಂದು ಹೇಳಬಹುದು. ಆದರೆ ಅದು ಬೇರೆ ಅಂಗಡಿಯದೇ ಎಂದು ಹಟಹಿಡಿಯಲಾಗದು. ಒಂದೇ ಅಂಗಡಿಯಲ್ಲಿ ಎರಡು ಹೋಲುವ ಅಚ್ಚುಗಳಿದ್ದಿರಬಹುದು. ಪುಸ್ತಕ ಮುದ್ರಣವಾದ ವರ್ಷವೇ ರಟ್ಟು ಕಟ್ಟಿದ ವರ್ಷವೆಂದೂ ಹೇಳಲಾಗದು. ಹಾಳೆಗಳು ಅಚ್ಚಾದ ಎಷ್ಟೋ ಕಾಲದ ಮೇಲೆ ರಟ್ಟು ಬಿದ್ದಿರಬಹುದು. ೧೮೩೦ರ ದಶಕದ ಈಚಿನ ಪುಸ್ತಕಗಳಲ್ಲಿಯಂತೂ ಇಡೀ ಚಿತ್ರವನ್ನು ಯಂತ್ರದಿಂದ ಒಂದೇ ಏಟಿಗೆ ಒತ್ತುವ ಪದ್ಧತಿ ಬಂದುದರಿಂದ, ಸಾವಿರ ರಟ್ಟುಗಳು ಒಂದೇ ತೆರನಾಗಿದ್ದರೂ ಯಾರ ಕೈಯ ಸುಳಿವೂ ಸಿಕ್ಕದು.

ಚಿತ್ರದ ಕೆಳಗಿನ ಬರಹವನ್ನು ಬದಲಿಸಬೇಕೆಂದು ಸಮಿತಿಗೆ ತಿಳಿಸಿದಾಗ ಎಲ್ಲರೂ ಒಪ್ಪಿದರು. ಆದರೆ ನನ್ನ ಮನಸ್ಸು ಒಬ್ಬರ ವಿಷಯದಲ್ಲಿ ಅಳುಕಿತು. ಎಂಬತ್ತು ದಾಟಿದ ಹಿರಿಯ ವಿದ್ಯಾರ್ಥಿನಿಯೊಬ್ಬರು ಬಾಲ್ಯದಲ್ಲಿ ಪ್ರತಿ ಶುಕ್ರವಾರ ಆ ಎರಡು ಪುಸ್ತಕಗಳ ಧೂಳನ್ನು ಒರಸುತ್ತಿದ್ದರು. ಅಕ್ಕತಂಗಿಯರ ಕಥೆಯನ್ನು ನಮ್ಮೆಲ್ಲರಿಗೂ ಹೇಳಿದವರು ಅವರೇ. ಅವರಿಗೆ ತಿಳಿಸದೆ ಅಚ್ಚುಹಾಕುವುದು ನ್ಯಾಯವಲ್ಲವೆಂದು ಬೆಣ್ಣೆಕಾಗದಗಳನ್ನೂ ಭೂತಗನ್ನಡಿಯನ್ನೂ ತೆಗೆದುಕೊಂಡು ಅವರ ಮನೆಗೆ ಹೋದೆನು.

“ನಮ್ಮ ದೊಡ್ಡ ಟೀಚರಮ್ಮ ಹೇಳಿದ ಮಾತನ್ನು ಸುಳ್ಳು ಎನ್ನುತ್ತೀಯಾ ಮಗಳೇ?” ಎಂದು ಅವರು ಕೇಳಿದರು.

“ಸುಳ್ಳೆಂದು ಹೇಳುವುದಿಲ್ಲ ಅಜ್ಜಿ. ಅದಕ್ಕೆ ಆಧಾರ ಸಿಕ್ಕಲಿಲ್ಲವೆಂದು ಹೇಳುತ್ತೇನೆ. ತಾವೇ ಎಣಿಸಿ ನೋಡಬೇಕು” ಎಂದೆನು.

ಅವರು ಬಹಳ ಹೊತ್ತು ನೋಡಿದರು. ಬೆರಳಿನಿಂದ ಚುಕ್ಕೆಗಳನ್ನು ಮುಟ್ಟಿ ಮುಟ್ಟಿ ಎರಡು ಸಲ ಎಣಿಸಿದರು. “ಏಳು, ಆರು. ಹಾಗಿದ್ದರೆ ಹಾಗೆಯೇ ಬರೆ. ಆದರೆ ಎರಡೂ ಒಂದೇ ಹಲಗೆಯ ಮೇಲೆ ಇದ್ದದ್ದು ನಿಜವಷ್ಟೆ? ಅದನ್ನು ನಾನೇ ಕಂಡಿದ್ದೇನೆ, ಬರೆದುಕೋ” ಎಂದರು. ಅದಕ್ಕಿಂತ ಒಳ್ಳೆಯ ಸಾಕ್ಷಿ ನಮಗೆ ಬೇಕಿರಲಿಲ್ಲ. ‘ನಮ್ಮ ಶಾಲೆಯಲ್ಲಿ ಬಹುಕಾಲ ಜೊತೆಗಿದ್ದ ಎರಡು ಪುಸ್ತಕಗಳು’ ಎಂಬ ಈಗಿನ ಬರಹವು ಅವರ ಮಾತಿನಿಂದಲೇ ಬಂದುದು. ಯೂಕ್ಲಿಡ್ಡೂ ಈಗ ಮೇಲಿನ ಹಲಗೆಗೆ ಏರಿದೆ.

ಕಡೆಗೆ ನನ್ನದೊಂದು ಬಿನ್ನಹ. ನಿಮ್ಮ ಮನೆಗಳಲ್ಲಿ ತಾತ ಮುತ್ತಾತಂದಿರ ಕಾಲದ ಪುಸ್ತಕಗಳಿದ್ದರೆ, ಹಳೆಯ ಹೊದಿಕೆಯನ್ನು ಕಿತ್ತು ಹೊಸ ರೆಕ್ಸಿನ್ ಹಾಕಿಸಲು ಅವಸರಪಡಬೇಡಿರಿ. ಹೊಸ ರಟ್ಟು ಹಾಳೆಗಳನ್ನು ಕಾಪಾಡೀತು. ಆದರೆ ಪುಸ್ತಕವು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬುದರ ಸುಳಿವು ಹಳೆಯ ತೊಗಲಿನೊಡನೆ ಕಸದ ಬುಟ್ಟಿಗೆ ಹೋಗುವುದು. ಪುಸ್ತಕದ ಅಳತೆಗೆ ಸರಿಯಾದ ರಟ್ಟಿನ ಪೆಟ್ಟಿಗೆಯೊಂದನ್ನು ಮಾಡಿ ಅದರೊಳಗೆ ಇಡುವುದು ಎಲ್ಲಕ್ಕಿಂತ ಮೇಲು. ನಮ್ಮ ಮಕ್ಕಳು ಅದನ್ನು ಮಾಡಲು ಈಗ ಕಲಿತಿರುವರು. ರಟ್ಟನ್ನು ಬದಲಿಸಲೇಬೇಕಾದರೆ ಮೊದಲು ಅಳತೆಪಟ್ಟಿಯೊಡನೆ ಫೋಟೋ ತೆಗೆಯಿಸಿರಿ; ಕಿತ್ತ ಬೆನ್ನಿನ ತುಂಡನ್ನು ಲಕೋಟೆಯಲ್ಲಿಟ್ಟು, ಯಾವ ಪುಸ್ತಕದ್ದೆಂದು ಬರೆದು, ಆ ಪುಸ್ತಕದ ಜೊತೆಯಲ್ಲಿಯೇ ಇಡಿರಿ. ನಮ್ಮ ಶಾಲೆಯ ಮುದ್ರೆಯುಳ್ಳ ಹಳೆಯ ಪುಸ್ತಕವೇನಾದರೂ ನಿಮ್ಮಲ್ಲಿದ್ದರೆ, ಅದನ್ನು ಹಿಂದಕ್ಕೆ ಕೊಡಬೇಕೆಂದು ಕೇಳುವುದಿಲ್ಲ; ಒಂದು ಮಧ್ಯಾಹ್ನದ ಮಟ್ಟಿಗೆ ತಂದು ತೋರಿಸಿದರೆ ಸಾಕು. ಆ ಪ್ರಾರ್ಥನಾ ಪುಸ್ತಕದ ಆರು ಚುಕ್ಕೆಯ ಹೂವಿಗೆ ಜೊತೆಯೊಂದು ನಿಮ್ಮಲ್ಲಿ ಯಾರ ಪೆಟ್ಟಿಗೆಯೊಳಗಾದರೂ ಇರಬಹುದು. ಭೂತಗನ್ನಡಿಯನ್ನು ಹಿಡಿದು ಕಾಯುತ್ತಿರುವ ನಾಲ್ವರು ಹುಡುಗಿಯರು ಇಲ್ಲಿರುವರು.